ಕಾಡಿನ್ನೂ ದಾಟಿಲ್ಲ

ಗ್ರಿಮ್ಸ್‌ಬಿಯಲ್ಲಿ ನನ್ನ ಮೊದಲ ಚಳಿಗಾಲ.
ಮೀನು ಕಾರ್ಖಾನೆಯ ಮೇಸ್ತ್ರಿ ಟ್ರೆವರ್
ಯಾರದೋ ಸಬೂಬು ಕೇಳಿ ಮೂಗು ಮುರಿದು
'ಅದೆಲ್ಲ ಕೆಂಪು ಹೆರಿಂಗ್ ಮೀನು' ಎಂದ.
ಹೊಸಬ ನಾನು, ವಿಧೇಯ. ಹನ್ನೆರಡು ಕ್ರೇಟು ಮಗುಚಿದೆ.
ಬೆಳ್ಳಿ ಹೊಟ್ಟೆಯವು, ನೀಲಿ ಬೆನ್ನಿನವು,
ಐಸಿನಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದವು.
ಕೆಂಪಗಿದ್ದದ್ದು ನನ್ನ ಬೆರಳು ಮಾತ್ರ.
ಊಟದ ಹೊತ್ತಿಗೆ ಇಡೀ ಶೆಡ್ಡಿಗೆ ಗೊತ್ತಾಗಿತ್ತು.
ದಾರಿ ತಪ್ಪಿಸುವ ಮಾತಿಗೆ ಹಾಗನ್ನುತ್ತಾರಂತೆ;
ನಕ್ಕು ನಕ್ಕು ಟ್ರೆವರನೇ ಹೇಳಿದ,
ನನಗೊಂದು ಚಹಾ ಕೊಡಿಸಿ.

ಬಾಯ್ಲರ್ ಕೆಟ್ಟಾಗ ಮನೆಯೊಡತಿ ಮಿಸೆಸ್ ಆಡ್ಲಿಂಗ್
ರಿಪೇರಿಗೆ ಒಂದು ಕೈ, ಒಂದು ಕಾಲು ಬೆಲೆ ಅಂದಳು.
ಆ ಸಲ ನಗು ಬರಲಿಲ್ಲ.
ಬಾಗ್ಲಾನಿನಲ್ಲಿ, ನಮ್ಮ ಹೊಲದಾಚೆ,
ಕುರಿಯ ಹಿಂದೆ ಓಡಿದ್ದಕ್ಕೇ
ಆ ಬೆಲೆ ತೆತ್ತ ಹುಡುಗರಿದ್ದರು.

ಒಂದು ನೋಟ್‌ಬುಕ್ ಶುರುಮಾಡಿದೆ.
ಬಕೆಟ್ ಒದ್ದ ಎಂದರೆ ಗೊಟಕ್ ಎಂದ.
ಕೇಕಿನ ತುಂಡು ಎಂದರೆ ನೀರು ಕುಡಿದಷ್ಟು ಸುಲಭ.
ಹವೆಯ ಕೆಳಗಿದ್ದೇನೆ ಎಂದರೆ ಮೈ ಹುಷಾರಿಲ್ಲ
(ಈ ಊರಲ್ಲಿ ಹವೆಯ ಮೇಲಿರುವವರು ಯಾರು?).
ಆ ನೋಟ್‌ಬುಕ್ಕೇ ಕೊನೆಗೆ ಅನ್ನ ಕೊಟ್ಟಿತು.
ಈಗ ನಾನು ದುಭಾಷಿ, ಗಂಟೆ ಲೆಕ್ಕದ ಸಂಬಳ,
ಕೊರಳಲ್ಲಿ ಫೋಟೋ ಇರುವ ಕಾರ್ಡು.
ತರಬೇತಿಯಲ್ಲಿ ಕಲಿಸಿದ್ದು ಒಂದೇ:
ಪದ ದಾಟಿಸಬೇಡ, ಅರ್ಥ ದಾಟಿಸು.

ಕಳೆದ ಫೆಬ್ರವರಿ. ಹಲ್‌ನ ಆಸ್ಪತ್ರೆ. ರಾತ್ರಿ ಎರಡೂಕಾಲು.
ಸೈಕಲ್ಲಿನಲ್ಲಿ ಪಿಜ್ಜಾ ಒಯ್ಯುತ್ತಿದ್ದ ಖುದಾದಾದ್‌ನನ್ನು
ವ್ಯಾನೊಂದು ರಸ್ತೆಗೆ ಒರೆಸಿಹಾಕಿತ್ತು.
ತಲೆಗೆ ಬಟ್ಟೆ, ಮೂಗಿಗೆ ನಳಿಗೆ.
ಪಕ್ಕದಲ್ಲಿ ಅವನ ಹೆಂಡತಿ ಮಾಹ್‌ಗುಲ್,
ಚಪ್ಪಲಿ ಒಂದು ಅವಳದು, ಒಂದು ಅವನದು.

ಡಾಕ್ಟರ್ ಪೆಂಬರ್ಟನ್ ಕನ್ನಡಕ ಒರೆಸಿ, ಮೆಲ್ಲಗೆ:
'ಅವನಿನ್ನೂ ಕಾಡು ದಾಟಿ ಹೊರಬಂದಿಲ್ಲ.'
ಸಾವಿರ ಸಲ ಕೇಳಿದ ಮಾತು. ನೋಟ್‌ಬುಕ್ಕಿನಲ್ಲಿದೆ:
ಗಂಡಾಂತರ ಕಳೆದಿಲ್ಲ.
ಆದರೆ ನನಗೆ ನಿದ್ದೆಗೆಟ್ಟ ಎರಡನೇ ರಾತ್ರಿ.
ಅರ್ಥ ಹಿಂದುಳಿಯಿತು, ಪದವೇ ಜಾರಿತು:
ಜಂಗಲ್.

ಅವಳು ತಬ್ಬಿಬ್ಬಾಗಲಿಲ್ಲ.
'ಬೇಲಿಯ ಆಚೆಗೋ, ಈಚೆಗೋ?' ಅಂದಳು.

ಪೋಲೆಂಡಿನ ಗಡಿ, ಹನ್ನೊಂದು ರಾತ್ರಿ.
ಬೆಂಕಿ ಹಚ್ಚುವಂತಿಲ್ಲ, ಹೆಸರು ಕೂಗುವಂತಿಲ್ಲ,
ಎರಡೂ ಕಡೆ ಟಾರ್ಚು, ಎರಡೂ ಕಡೆ ನಾಯಿ.
ನೀರು ತರಲು ಹೋದವನು ಹೊತ್ತು ಮೀರಿದರೆ
ಅವಳು ಎರಡು ಕಲ್ಲು ಕುಟ್ಟುತ್ತಿದ್ದಳಂತೆ,
ಮರಕುಟುಕ ಕುಟ್ಟಿದ ಹಾಗೆ, ಬಿಟ್ಟು ಬಿಟ್ಟು.
ಅವನು ಆ ಸದ್ದು ಹಿಡಿದು ಬರುತ್ತಿದ್ದ.
'ಒಮ್ಮೆ ಬೆಳಗಾಗಿತ್ತು' ಎಂದಳು. 'ಆದರೂ ಬಂದ.'

ಡಾಕ್ಟರ್ ನನ್ನ ಮುಖ ನೋಡಿದರು.
ಈಗ ನಾನು ತಿದ್ದಬೇಕು: ತಾಯಿ, ಅದೊಂದು ನುಡಿಗಟ್ಟು,
ಇಲ್ಲಿ ಕಾಡಿಲ್ಲ, ಮರವಿಲ್ಲ.
ಬಾಯಿ ತೆರೆದೆ.
ಅಷ್ಟರಲ್ಲಿ ಅವಳು ಯಾರೂ ಮುಟ್ಟದ ಊಟದ ತಟ್ಟೆಯಿಂದ
ಎರಡು ಚಮಚ ಎತ್ತಿಕೊಂಡಿದ್ದಳು.

ಟಕ್. ಟಕ್.
ಸ್ವಲ್ಪ ಬಿಟ್ಟು, ಟಕ್.

ನರ್ಸ್ ಡೆನಿಸ್ ಓಡಿ ಬಂದಳು,
ಗೋಡೆಯ ಮೇಲೆ ಸದ್ದು ಮಾಡಬೇಡಿ ಎಂಬ ಬೋರ್ಡು.
'ಏನು ಮಾಡ್ತಿದ್ದಾಳೆ ಇವಳು?'
ದುಭಾಷಿ ನಾನು, ಉತ್ತರ ಕೊಡಬೇಕು:
'ದಾರಿ ಹೇಳುತ್ತಿದ್ದಾಳೆ.'
ಡೆನಿಸ್ ಬೋರ್ಡು ನೋಡಿದಳು, ಚಮಚ ನೋಡಿದಳು,
ಕೋಣೆಯ ಬಾಗಿಲು ಎಳೆದುಕೊಂಡು ಹೊರಟಳು,
ಒಳಗಿನದು ಹೊರಗೆ ಕೇಳದ ಹಾಗೆ.

ಬೆಳಗ್ಗೆ ನನ್ನ ಪಾಳಿ ಮುಗಿಯಿತು.
ಆ ಮೇಲೆ ಏನಾಯಿತೆಂದು ನಮಗೆ ತಿಳಿಸುವುದಿಲ್ಲ,
ಅದು ನಿಯಮ.
ಹಂಬರ್ ಸೇತುವೆಯ ಬಸ್ಸಿನಲ್ಲಿ ಕೂತು
ಸಹಿಯಾಗಬೇಕಾದ ಫಾರಂ ತುಂಬಿದೆ.
ಸಮಯ: ನಲವತ್ತೇಳು ನಿಮಿಷ.
ತಪ್ಪಾಗಿ ಅರ್ಥವಾದ ಮಾತು: ಒಂದು.
ಯಾರಿಗೆ, ಎಂದು ಕೇಳುವ ಕಾಲಂ
ಖಾಲಿ ಬಿಟ್ಟೆ.